ಸಿನಿಮಾ ಓದಿಗೆ ಮುಂಚಿನ ಮೂರು ವರ್ಷ

ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ಕಳಲೆ, ಹುಲ್ಲಹಳ್ಳಿ, ಬನ್ನೂರು ಕಡೆಯ ಕೆಲವು ಮನೆಗಳಲ್ಲಾದರೂ ಒಂದು ಜಗಳ ನಡೆಯುತ್ತದೆ. ಮಗನೋ ಮಗಳೋ ಸಿನಿಮಾ ಓದಬೇಕು, ಚಿತ್ರಕಥೆ ಬರೆಯುವುದನ್ನು ಕಲಿಯಬೇಕು ಅನ್ನುತ್ತಾರೆ. 'ಮೊದಲು ಡಿಗ್ರಿ ಮುಗಿಸು, ಆಮೇಲೆ ನೋಡನ' ಎಂದು ಅಪ್ಪ-ಅವ್ವ ಹೇಳುತ್ತಾರೆ. ಮಕ್ಕಳ ಕಿವಿಗೆ ಅದು ಬೇಡ ಎಂದು ಹೇಳಿದಂತೆಯೇ ಕೇಳಿಸುತ್ತದೆ. ಅಷ್ಟರಲ್ಲಿ ಮೊಬೈಲಿನಲ್ಲಿ ಬೆಂಗಳೂರಿನ ಯಾವುದೋ ಖಾಸಗಿ ತರಬೇತಿ ಕೇಂದ್ರದ ಜಾಹೀರಾತು ಬರುತ್ತದೆ: ಕೆಲವೇ ತಿಂಗಳಲ್ಲಿ ನಿರ್ದೇಶಕರಾಗಿ, ಶುಲ್ಕ ಕಂತಿನಲ್ಲಿ ಕಟ್ಟಿ. ಈ ಜಗಳದಲ್ಲಿ ಹಿರಿಯರು ಕೊಡುವ ಕಾರಣ ಏನೇ ಇರಲಿ, ಅವರ ತೀರ್ಪು ಸರಿಯಾಗಿದೆ. ದೇಶದ ಎರಡು ಮುಖ್ಯ ಸರ್ಕಾರಿ ಚಲನಚಿತ್ರ ಸಂಸ್ಥೆಗಳಾದ ಪುಣೆಯ ಎಫ್‌ಟಿಐಐ ಮತ್ತು ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆಗಳ ನಿರ್ದೇಶನ ಮತ್ತು ಚಿತ್ರಕಥೆಯ ಮೂರು ವರ್ಷದ ಕೋರ್ಸಿಗೆ ಪದವೀಧರರಷ್ಟೇ ಅರ್ಜಿ ಹಾಕಬಹುದು. ಬಿ.ಎ. ಆದರೂ ಸರಿ, ಬಿ.ಕಾಂ., ಬಿ.ಎಸ್ಸಿ. ಆದರೂ ಸರಿ, ವಿಷಯದ ನಿರ್ಬಂಧವಿಲ್ಲ. ಆದ್ದರಿಂದ ಡಿಗ್ರಿ ಬೇಕೇ ಬೇಡವೇ ಎಂದು ಜಗಳವಾಡಿ ಫಲವಿಲ್ಲ. ಆ ಮೂರು ವರ್ಷದಲ್ಲಿ ಏನು ಮಾಡುತ್ತೀರಿ ಎಂಬುದನ್ನು ಕೂತು ಮಾತಾಡಬೇಕು. ಚಿತ್ರಕಥೆಯ ಓದಿನ ಮೊದಲ ಅರ್ಧವನ್ನು ಕಳಲೆಯಲ್ಲಿ ಕೂತೇ ಮುಗಿಸಬಹುದು, ಆ ಅರ್ಧವನ್ನು ಯಾವ ಸಂಸ್ಥೆಯೂ ಕಲಿಸಲಾರದು ಎಂಬುದು ಈ ಲೇಖನದ ವಾದ.

ಕಳಲೆ ಇರುವ ನಂಜನಗೂಡು ತಾಲ್ಲೂಕಿಗೆ ಬರವಣಿಗೆ ಹೊಸದಲ್ಲ. ಮನೆಯಲ್ಲೇ ಓದಿ ಕಾದಂಬರಿ ಬರೆದು, ತಾವೇ ಗ್ರಂಥಮಾಲೆ ಕಟ್ಟಿ ಪ್ರಕಟಿಸಿದ ತಿರುಮಲಾಂಬ (ಜನನ 1887) ನಂಜನಗೂಡಿನವರು. ಇಲ್ಲಿನ ಆಡುಮಾತಿನಲ್ಲೇ 'ಕುಸುಮಬಾಲೆ' ಬರೆದ ದೇವನೂರ ಮಹಾದೇವ ಇದೇ ತಾಲ್ಲೂಕಿನ ದೇವನೂರಿನವರು. ಸಿನಿಮಾಕ್ಕೆ ಬಂದರೆ ಜಿ.ವಿ. ಅಯ್ಯರ್ ಇದ್ದಾರೆ. 1917ರಲ್ಲಿ ನಂಜನಗೂಡಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಸೇರಿ, 1954ರ 'ಬೇಡರ ಕಣ್ಣಪ್ಪ'ದ ಬರವಣಿಗೆಯಲ್ಲೂ ನಟನೆಯಲ್ಲೂ ಪಾಲು ಪಡೆದು, 1975ರಲ್ಲಿ 'ಹಂಸಗೀತೆ', 1983ರಲ್ಲಿ ಸಂಸ್ಕೃತದ ಮೊದಲ ಚಲನಚಿತ್ರ 'ಆದಿ ಶಂಕರಾಚಾರ್ಯ' ನಿರ್ದೇಶಿಸಿದವರು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಅಯ್ಯರ್ ಯಾವ ಫಿಲ್ಮ್ ಕಾಲೇಜಿಗೆ ಹೋಗಿದ್ದರು? ಇದೇ ಜಿಲ್ಲೆಯ ಕಣಗಾಲಿನ ಪುಟ್ಟಣ್ಣ ಎಲ್ಲಿ ಓದಿದ್ದರು? ನೇರವಾಗಿ ಗಾಂಧಿನಗರಕ್ಕೆ ಹೋಗಿ ಸಹಾಯಕ ನಿರ್ದೇಶಕರಾಗಿ ಸೇರಿಕೊಂಡರೆ ಸಾಲದೇ? ಈ ಪ್ರಶ್ನೆಯಲ್ಲಿ ಸತ್ಯಾಂಶವಿದೆ, ಆದರೆ ಅದು ಒಂದು ಸಂಗತಿಯನ್ನು ಮರೆಯುತ್ತದೆ. ಅಯ್ಯರ್ ಕಾಲೇಜಿಗೆ ಹೋಗದಿದ್ದರೂ ಶಾಲೆ ಇಲ್ಲದೆ ಕಲಿತವರಲ್ಲ. ಊರೂರಲ್ಲಿ ಟೆಂಟು ಹಾಕುವ ಕಂಪನಿಯಲ್ಲಿ ಮಾತು ಎಲ್ಲಿ ನಿಂತರೆ ಜನ ಚಪ್ಪಾಳೆ ಹೊಡೆಯುತ್ತಾರೆ, ಎಲ್ಲಿ ಎದ್ದು ಹೋಗುತ್ತಾರೆ ಎಂಬುದನ್ನು ರಾತ್ರಿ ರಾತ್ರಿಯೂ ಕಣ್ಣಾರೆ ನೋಡುವ ಅವಕಾಶವಿತ್ತು. ಪುಟ್ಟಣ್ಣ ರಂಗಭೂಮಿಯಿಂದ ಬಂದು, ಬಿ.ಆರ್. ಪಂತುಲು ಅವರ ಕೈಕೆಳಗೆ ಪಳಗಿದವರು. ಆ ಕಂಪನಿಗಳ ಕಾಲ ಮುಗಿದಿದೆ. ಇಂದು ಸಹಾಯಕರಾಗಿ ಸೇರಿದ ಹುಡುಗನಿಗೆ ಕಂಟಿನ್ಯುಟಿ ಬರೆಯುವುದು, ಕ್ಲ್ಯಾಪ್ ಹೊಡೆಯುವುದು, ಕಲಾವಿದರನ್ನು ಕರೆತರುವುದು ಗೊತ್ತಾಗುತ್ತದೆ. ಅದೂ ಬೇಕಾದ ವಿದ್ಯೆಯೇ. ಆದರೆ ಒಂದು ದೃಶ್ಯ ಯಾಕೆ ಹಾಗೆ ಬರೆಯಲ್ಪಟ್ಟಿತು ಎಂದು ಸೆಟ್ಟಿನಲ್ಲಿ ವಿವರಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ. ಕಂಪನಿ ಕೊಡುತ್ತಿದ್ದ ತಾಲೀಮನ್ನು ಈಗ ನಾವೇ ಕಟ್ಟಿಕೊಳ್ಳಬೇಕು.

ಸಂಸ್ಥೆ ಏನು ಕೊಡುತ್ತದೆ, ಏನು ಕೊಡಲಾರದು ಎಂಬುದಕ್ಕೆ ನಮ್ಮ ಕಡೆಯದೇ ಎರಡು ಉದಾಹರಣೆಗಳಿವೆ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೋಲ್ಡನ್ ಲೆಪರ್ಡ್ ಪಡೆದ 'ತಿಥಿ'ಯ ನಿರ್ದೇಶಕ ರಾಮ್ ರೆಡ್ಡಿ ಪ್ರಾಗ್‌ನಲ್ಲಿ ಸಿನಿಮಾ ಕಲಿತವರು. ಅವರೊಂದಿಗೆ ಚಿತ್ರಕಥೆ ಕಟ್ಟಿದ ಈರೇಗೌಡರ ಊರು ಮಂಡ್ಯ ಜಿಲ್ಲೆಯ ನೊದೆಕೊಪ್ಪಲು. ಚಿತ್ರೀಕರಣ ನಡೆದದ್ದೂ ಆ ಊರಿನಲ್ಲೇ, ಆ ಕಡೆಯ ಜನರನ್ನೇ ಇಟ್ಟುಕೊಂಡು. ಪ್ರಾಗ್‌ನ ಪಾಠದಿಂದ ಆ ಚಿತ್ರದ ಗಡ್ಡಪ್ಪನ ಮಾತು ಹುಟ್ಟುತ್ತಿರಲಿಲ್ಲ. ಊರಿನ ಮಾತೊಂದರಿಂದಲೇ ಎರಡು ಗಂಟೆ ಪ್ರೇಕ್ಷಕರನ್ನು ಹಿಡಿದಿಡುವ ಕಟ್ಟಡವೂ ಏಳುತ್ತಿರಲಿಲ್ಲ. ಎರಡನೆಯದು ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರದು. ಎಂಬಿಬಿಎಸ್ ಮುಗಿಸಿ ಎಫ್‌ಟಿಐಐಯ ಒಂದು ವರ್ಷದ ಟೆಲಿವಿಷನ್ ನಿರ್ದೇಶನ ಕೋರ್ಸಿಗೆ ಸೇರಿದ ಅವರ ಕಿರುಚಿತ್ರಕ್ಕೆ 2024ರ ಕಾನ್ ಚಿತ್ರೋತ್ಸವದಲ್ಲಿ ವಿದ್ಯಾರ್ಥಿ ಚಿತ್ರಗಳಿಗೆ ಮೀಸಲಾದ ವಿಭಾಗದ ಮೊದಲ ಬಹುಮಾನ ಬಂತು. ಚಿತ್ರದ ವಸ್ತು ಕನ್ನಡದ ಜನಪದ ಕಥೆ: ಮುದುಕಿಯೊಬ್ಬಳು ಊರಿನ ಹುಂಜವನ್ನು ಕದ್ದೊಯ್ದ ಮೇಲೆ ಬೆಳಕೇ ಹರಿಯುವುದಿಲ್ಲ. ಕ್ಯಾಮೆರಾ, ಶಬ್ದ, ಸಂಕಲನದ ಶಿಸ್ತು ಪುಣೆಯದು, ಕಥೆ ಇಲ್ಲಿಂದ ಹೋದದ್ದು. ಬರಿಗೈಯಲ್ಲಿ ಹೋದವನಿಗೆ ಸಂಸ್ಥೆ ಉಪಕರಣ ಕೊಡಬಹುದು, ಅದರಿಂದ ಏನು ಹೇಳಬೇಕೆಂಬುದನ್ನು ಕೊಡಲಾಗದು.

ಚಿತ್ರಕಥೆ ಹೇಗೆ ಕೆಲಸ ಮಾಡುತ್ತದೆ

ಅಭ್ಯಾಸ ಶುರುಮಾಡುವ ಮೊದಲು ಒಂದು ವಿಷಯ ಸ್ಪಷ್ಟವಿರಲಿ. ಕಥೆಗಾರ ಪಾತ್ರದ ಮನಸ್ಸಿನೊಳಗೆ ಹೋಗಿ ಬರಬಲ್ಲ. ಚಿತ್ರಕಥೆಗಾರನಿಗೆ ಆ ಬಾಗಿಲು ಮುಚ್ಚಿದೆ. ಕಣ್ಣಿಗೆ ಕಾಣುವುದು, ಕಿವಿಗೆ ಕೇಳುವುದು, ಇವೆರಡೇ ಅವನ ಬಂಡವಾಳ. 'ಮಗ ಸಿನಿಮಾ ಓದಲು ಹೊರಟಿದ್ದನ್ನು ತಿಳಿದು ಅಪ್ಪನಿಗೆ ಒಳಗೊಳಗೇ ಸಂಕಟವಾಯಿತು, ಆದರೂ ಬೇಡ ಎನ್ನಲು ಮನಸ್ಸಾಗಲಿಲ್ಲ' ಎಂದು ಬರೆದರೆ ಅದನ್ನು ಚಿತ್ರೀಕರಿಸುವುದು ಯಾರಿಂದಲೂ ಆಗದು. ಅದೇ ಸಂಗತಿಯನ್ನು ಹೀಗೆ ಬರೆಯಬಹುದು:

ದೃಶ್ಯ 7. ಒಳಗೆ. ಪಡಸಾಲೆ. ರಾತ್ರಿ.
ಅಪ್ಪ ಕಾರ್ಖಾನೆಯ ಸಮವಸ್ತ್ರದಲ್ಲೇ ಊಟಕ್ಕೆ ಕೂತಿದ್ದಾನೆ. ತಟ್ಟೆಯಲ್ಲಿ ಮುದ್ದೆ ಮುರಿಯದೆ ಹಾಗೇ ಇದೆ. ಮಗ ಅರ್ಜಿಯ ಪ್ರಿಂಟನ್ನು ಪಕ್ಕದಲ್ಲಿಡುತ್ತಾನೆ. ಅಪ್ಪ ಅದನ್ನು ಓದುವುದಿಲ್ಲ. ಎಡಗೈಯಲ್ಲೇ ನಾಲ್ಕು ಮಡಿಕೆ ಮಾಡಿ ಜೇಬಿಗಿಡುತ್ತಾನೆ.
ಅಪ್ಪ: ದುಡ್ಡು ಯಾವತ್ತು ಕಟ್ಬೇಕಂತೆ?

ಇಲ್ಲಿ ಸಂಕಟ ಎಂಬ ಪದವಿಲ್ಲ, ಒಪ್ಪಿಗೆ ಎಂಬ ಪದವೂ ಇಲ್ಲ. ಮುರಿಯದ ಮುದ್ದೆಯಲ್ಲಿ ಒಂದು, ಜೇಬಿಗೆ ಹೋದ ಕಾಗದದಲ್ಲಿ ಇನ್ನೊಂದು ಇದೆ. ಪ್ರೇಕ್ಷಕ ತಾನೇ ಕೂಡಿಸಿಕೊಳ್ಳುತ್ತಾನೆ, ಕೂಡಿಸಿಕೊಂಡದ್ದನ್ನು ಅವನು ಹೇಳಿಸಿಕೊಂಡದ್ದಕ್ಕಿಂತ ಹೆಚ್ಚು ನಂಬುತ್ತಾನೆ. ಹಳ್ಳಿಯಲ್ಲಿರುವವರಿಗೆ ಇಂಥ ವಿವರಗಳನ್ನು ನೋಡಲು ಜಾಗ ಹುಡುಕಬೇಕಿಲ್ಲ, ಮನೆಯೊಳಗೇ ಇವೆ. ಮುಂದಿನ ಹೆಜ್ಜೆಗಳೆಲ್ಲ ಈ ಒಂದು ಅಭ್ಯಾಸವನ್ನು ಬೇರೆ ಬೇರೆ ಬಗೆಯಲ್ಲಿ ಮಾಡಿಸುವುದಕ್ಕೆ.

ಮೂರು ವರ್ಷದ ಕೆಲಸ

1. ಕಥೆ ಓದಿ, ಸಿನಿಮಾ ನೋಡಿ, ಎರಡನ್ನೂ ಎದುರುಬದುರು ಇಡಿ. ಕನ್ನಡದ ವಿದ್ಯಾರ್ಥಿಗಿರುವ ದೊಡ್ಡ ಅನುಕೂಲ ಇದು. ನಮ್ಮ ಒಳ್ಳೆಯ ಚಿತ್ರಗಳಲ್ಲಿ ಹಲವು ಪ್ರಕಟವಾದ ಕಥೆ-ಕಾದಂಬರಿಗಳಿಂದ ಬಂದವು. ಪೂರ್ಣಚಂದ್ರ ತೇಜಸ್ವಿಯವರ 'ತಬರನ ಕಥೆ'ಯನ್ನು ಮೊದಲು ಓದಿ. ಸಿನಿಮಾ ನೋಡುವ ಮುಂಚೆಯೇ ಅದರ ಒನ್‌ಲೈನ್ ನೀವೇ ಬರೆಯಿರಿ. ಎಂದರೆ ಒಂದೊಂದು ದೃಶ್ಯಕ್ಕೆ ಒಂದೊಂದು ಸಾಲಿನಂತೆ ಇಡೀ ಕಥೆ. ಆಮೇಲೆ ಗಿರೀಶ್ ಕಾಸರವಳ್ಳಿಯವರ ಚಿತ್ರ ನೋಡುತ್ತಾ, ನಿಲ್ಲಿಸಿ ನಿಲ್ಲಿಸಿ ಅದರ ಒನ್‌ಲೈನ್ ಬರೆದುಕೊಳ್ಳಿ. ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟಾಗ ನಿರ್ದೇಶಕರು ಏನು ಬಿಟ್ಟರು, ಯಾವುದನ್ನು ಮುಂದೆ ತಂದರು, ಪಿಂಚಣಿಗಾಗಿ ಅಲೆಯುವ ಒಬ್ಬ ಮನುಷ್ಯನ ದಣಿವನ್ನು ಯಾವ ಯಾವ ಜಾಗಗಳ ಮೂಲಕ ತೋರಿಸಿದರು ಎಂಬುದು ತಾನಾಗಿ ಗೋಚರಿಸುತ್ತದೆ. ನಂತರ ಅನಂತಮೂರ್ತಿಯವರ ಕಥೆ ಮತ್ತು 1977ರ 'ಘಟಶ್ರಾದ್ಧ', ಭೈರಪ್ಪನವರ ಕಾದಂಬರಿ ಮತ್ತು ಅಯ್ಯರ್ ನಿರ್ಮಿಸಿದ 'ವಂಶವೃಕ್ಷ', ಇವಕ್ಕೂ ಹೀಗೇ ಮಾಡಿ. ಕಾದಂಬರಿಯಿಂದ ಬಂದ ಚಿತ್ರದಲ್ಲಿ ಕತ್ತರಿಸುವುದು ಹೆಚ್ಚು, ಸಣ್ಣಕಥೆಯಿಂದ ಬಂದದ್ದರಲ್ಲಿ ಸೇರಿಸುವುದು ಹೆಚ್ಚು. ಆ ಎರಡು ಬೇರೆ ಬೇರೆ ಕೌಶಲ. ಐದು ಚಿತ್ರ ಹೀಗೆ ಬಿಡಿಸಿ ನೋಡಿದರೆ ಐವತ್ತು ಚಿತ್ರ ಸುಮ್ಮನೆ ನೋಡಿದ್ದಕ್ಕಿಂತ ಹೆಚ್ಚು ಸಿಗುತ್ತದೆ.

2. ಮಾತು ಕೇಳಿ ಬರೆದುಕೊಳ್ಳಿ. ಕಳಲೆಯಿಂದ ನಂಜನಗೂಡಿಗೆ ಹೋಗುವ ಬಸ್ಸು, ಮೈಸೂರಿಗೆ ಹೋಗುವ ಚಾಮರಾಜನಗರದ ರೈಲು, ದೊಡ್ಡಜಾತ್ರೆಯ ತೇರಿನ ದಿನದ ರಥಬೀದಿ, ನ್ಯಾಯಬೆಲೆ ಅಂಗಡಿಯ ಸಾಲು, ಇವೆಲ್ಲ ನಿಮ್ಮ ಪಾಠಶಾಲೆ. ಬರೆದುಕೊಳ್ಳಬೇಕಾದದ್ದು ಗಾದೆಗಳನ್ನಲ್ಲ. ಜನ ಹೇಳಬೇಕಾದ್ದನ್ನು ಹೇಗೆ ಹೇಳದೆ ಬಿಡುತ್ತಾರೆ, ಸಾಲ ಕೇಳಲು ಬಂದವರು ಎಷ್ಟು ಹೊತ್ತು ಮಳೆ-ಬೆಳೆ ಮಾತಾಡುತ್ತಾರೆ, ಸೊಸೆಯ ಮೇಲಿನ ಸಿಟ್ಟನ್ನು ಅತ್ತೆ ಯಾವ ಪಾತ್ರೆಯ ಮೇಲೆ ತೀರಿಸುತ್ತಾಳೆ, ಅದನ್ನು ಗಮನಿಸಿ. ನಮ್ಮ ಕಡೆಯ 'ಕನ', 'ಬುಡು', 'ಮೊಗ'ಗಳನ್ನು ಸಂಭಾಷಣೆಗೆ ಉಪ್ಪಿನಂತೆ ಎರಚಿದ ಮಾತ್ರಕ್ಕೆ ಆಡುಮಾತು ಆಗುವುದಿಲ್ಲ. ಒಂದೇ ಊರಿನಲ್ಲಿ ಕೇರಿಗೊಂದು, ವಯಸ್ಸಿಗೊಂದು ಲಯವಿದೆ. ಯಾರ ಮಾತನ್ನಾದರೂ ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದಿದ್ದರೆ ಕೇಳಿಯೇ ಮಾಡಿ. ಕಥೆಗೆ ಬಳಸುವಾಗ ಹೆಸರು, ಗುರುತು ಬದಲಿಸಿ. ಊರಿನಲ್ಲಿ ಬಾಳುವವರಿಗೆ ಇದು ಸೌಜನ್ಯವೂ ಹೌದು, ರಕ್ಷಣೆಯೂ ಹೌದು.

3. ವಾರಕ್ಕೊಂದು ದೃಶ್ಯ. ಪೂರ್ಣ ಚಿತ್ರಕಥೆ ಈಗ ಬೇಡ. ಇಬ್ಬರು ವ್ಯಕ್ತಿಗಳು, ಒಂದು ಜಾಗ, ಒಬ್ಬರಿಗೆ ಬೇಕಾದ್ದನ್ನು ಇನ್ನೊಬ್ಬರು ಕೊಡಲೊಲ್ಲರು. ಮೊದಲು ಒಂದೂ ಮಾತಿಲ್ಲದೆ ಬರೆಯಿರಿ. ಮಾತಿಲ್ಲದೆ ಅರ್ಥವಾಗದ ಕಡೆಯಷ್ಟೇ ಮಾತು ಸೇರಿಸಿ. ಹಾಳೆಯ ಎಡಕ್ಕೆ ಕಾಣುವುದು, ಬಲಕ್ಕೆ ಕೇಳುವುದು ಎಂಬ ನಮ್ಮ ಹಳೆಯ ಕ್ರಮ ಆರಂಭಿಕರಿಗೆ ಒಳ್ಳೆಯದು. ಬಲಭಾಗ ತುಂಬಿ ಎಡಭಾಗ ಖಾಲಿ ಬಿದ್ದಿದ್ದರೆ ತಪ್ಪು ಎಲ್ಲಿದೆ ಎಂದು ಕಣ್ಣಿಗೇ ಕಾಣುತ್ತದೆ. ಒಂದು ಪುಟಕ್ಕೆ ಒಂದು ನಿಮಿಷ ಎಂಬ ಲೆಕ್ಕ ಇಂಗ್ಲಿಷಿನ ನಿರ್ದಿಷ್ಟ ಅಕ್ಷರ, ನಿರ್ದಿಷ್ಟ ಅಂಚುಗಳಿಗೆ ಹೊಂದಿಸಿದ್ದು. ಕನ್ನಡದ ಕೈಬರಹಕ್ಕೂ ಯೂನಿಕೋಡ್ ಪುಟಕ್ಕೂ ಅದು ಒಪ್ಪುವುದಿಲ್ಲ. ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ ಅಳೆಯಿರಿ.

4. ಬರೆದದ್ದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ. ಒಳ್ಳೆಯ ಕ್ಯಾಮೆರಾ ಇಲ್ಲ ಎಂಬುದು ನೆಪ. ಮೂರು ನಿಮಿಷದ ದೃಶ್ಯಕ್ಕೆ ಮೊಬೈಲು ಸಾಕು. ಹಣ ಖರ್ಚು ಮಾಡುವುದಿದ್ದರೆ ಲೆನ್ಸಿಗಿಂತ ಮೊದಲು ಒಂದು ಸಣ್ಣ ಕಾಲರ್ ಮೈಕಿಗೆ ಮಾಡಿ. ಚಿತ್ರ ಮಂಕಾಗಿದ್ದರೆ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಈ ಹೆಜ್ಜೆಯಿಂದ ನೀವು ಛಾಯಾಗ್ರಾಹಕರಾಗಬೇಕಿಲ್ಲ. ಹಾಳೆಯ ಮೇಲೆ ಚೆನ್ನಾಗಿದ್ದ ಯಾವ ಸಾಲು ಬಾಯಿಯಲ್ಲಿ ಹೊರಳುವುದಿಲ್ಲ ಎಂದು ಗೊತ್ತಾದರೆ ಸಾಕು.

5. ರಂಗಭೂಮಿಯ ಬಳಿ ಸುಳಿಯಿರಿ. ನಂಜನಗೂಡಿನಿಂದ ಮೈಸೂರು ಇಪ್ಪತ್ತೈದು ಕಿಲೋಮೀಟರಿನೊಳಗೆ. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ರಂಗಾಯಣದಲ್ಲಿ ನಾಟಕಗಳು ನಡೆಯುತ್ತಿರುತ್ತವೆ, 'ಬಹುರೂಪಿ' ಉತ್ಸವದಲ್ಲಿ ಸಿನಿಮಾ ಪ್ರದರ್ಶನಗಳೂ ಇರುತ್ತವೆ. ಪದವಿಯ ನಂತರ ಒಂದು ವರ್ಷ ಕೊಡಲು ಸಾಧ್ಯವಿದ್ದರೆ ರಂಗಾಯಣದ ಅಥವಾ ಹೆಗ್ಗೋಡಿನ ನೀನಾಸಂನ ರಂಗಶಿಕ್ಷಣವನ್ನೂ ಯೋಚಿಸಬಹುದು. ನಾಟಕ ಬೇರೆ, ಸಿನಿಮಾ ಬೇರೆ ಎನ್ನುವವರಿದ್ದಾರೆ, ನಿಜವೇ. ಆದರೆ ನಟ ಒಂದು ಸಾಲನ್ನು ಹೇಗೆ ಒಡೆಯುತ್ತಾನೆ ಎಂಬುದನ್ನು ಚಿತ್ರಕಥೆಗಾರ ಕಲಿಯಲು ರಂಗತಾಲೀಮಿಗಿಂತ ಹತ್ತಿರದ ಜಾಗ ಇಲ್ಲ.

6. ಇಂಗ್ಲಿಷನ್ನು ಓದುವಷ್ಟು, ವಿವರಿಸುವಷ್ಟು ಕಲಿಯಿರಿ. 'ಕನ್ನಡದಲ್ಲೇ ಬರೆಯುವವನಿಗೆ ಇಂಗ್ಲಿಷ್ ಯಾಕೆ' ಎಂಬ ಪ್ರಶ್ನೆಗೆ ಉತ್ತರ ಸಣ್ಣದು: ಪುಣೆ, ಕೋಲ್ಕತ್ತಗಳ ಪ್ರವೇಶ ಪರೀಕ್ಷೆ ಕನ್ನಡದಲ್ಲಿ ನಡೆಯುವುದಿಲ್ಲ, ಪಾಠವೂ ಕನ್ನಡದಲ್ಲಿಲ್ಲ. ಅಲಂಕಾರದ ಇಂಗ್ಲಿಷ್ ಬೇಕಿಲ್ಲ. ನೋಡಿದ ಒಂದು ಚಿತ್ರ ಯಾಕೆ ಇಷ್ಟವಾಯಿತು ಎಂದು ಎರಡು ಪುಟ ಸರಳವಾಗಿ ಬರೆಯಲು ಬಂದರೆ ನಡೆಯುತ್ತದೆ. ತಿಂಗಳಿಗೆ ಎರಡರಂತೆ ಪದವಿಯುದ್ದಕ್ಕೂ ಬರೆದರೆ ಪರೀಕ್ಷೆಯ ಸಿದ್ಧತೆ ಬೇರೆ ಬೇಕಾಗುವುದಿಲ್ಲ.

ಸಾಮಾನ್ಯ ತಪ್ಪುಗಳು

ಮೊದಲ ಚಿತ್ರಕಥೆಯೇ ಮಹಾಚಿತ್ರವಾಗಬೇಕೆಂಬ ಹಟ ಇವುಗಳಲ್ಲಿ ದೊಡ್ಡದು. ಕಳಲೆಯ ಹುಡುಗರಿಗೆ ಇದರ ಸೆಳೆತ ಇನ್ನೂ ಜಾಸ್ತಿ, ಯಾಕೆಂದರೆ ಹದಿನೆಂಟನೆಯ ಶತಮಾನದಲ್ಲಿ ಮೈಸೂರು ರಾಜ್ಯದ ನಿಜವಾದ ಅಧಿಕಾರ ಹಿಡಿದಿದ್ದ ದಳವಾಯಿ ದೇವರಾಜಯ್ಯ, ನಂಜರಾಜಯ್ಯ ಸೋದರರು ಈ ಊರಿನ ಮನೆತನದವರು. ಆನೆ, ಕುದುರೆ, ಶ್ರೀರಂಗಪಟ್ಟಣದ ಕೋಟೆ, ಹೈದರನ ಏಳಿಗೆ, ಎಲ್ಲವೂ ಆ ಕಥೆಯಲ್ಲಿವೆ. ಕೋಟಿಗಟ್ಟಲೆ ಬೇಡುವ ಆ ಚಿತ್ರವನ್ನು ಹೊಸಬರಿಗೆ ಯಾರೂ ಕೊಡುವುದಿಲ್ಲ. ಆ ವಸ್ತುವನ್ನು ಬಿಡಲಾರೆ ಎನ್ನುವವರು ಅದರ ಒಂದು ಬಾಗಿಲನ್ನಷ್ಟೇ ಹಿಡಿಯಲಿ. 1750ರ ದಶಕದ ಕೊನೆಯಲ್ಲಿ ಸಂಬಳ ಬಾರದ ಸೈನಿಕರು ನಂಜರಾಜಯ್ಯನ ಮನೆಬಾಗಿಲಿಗೆ ಧರಣಿ ಕೂತರು. ಒಳಗೆ ಸರ್ವಾಧಿಕಾರಿ, ಹೊರಗೆ ಹಸಿದ ಸಿಪಾಯಿಗಳು, ನಡುವೆ ಒಂದು ಕದ. ಆರು ಜನ ನಟರಲ್ಲಿ ಮುಗಿಯುವ, ಇವತ್ತಿಗೂ ತಾಕುವ ಕಥೆ ಅದು.

ಎರಡನೆಯದು, ಪಾಶ್ಚಾತ್ಯ ಕೈಪಿಡಿಗಳ ಮೂರು ಅಂಕದ ಸೂತ್ರವನ್ನು ವೇದವಾಕ್ಯ ಮಾಡಿಕೊಳ್ಳುವುದು. ಸೂತ್ರ ತಿಳಿದಿರಲಿ, ಆದರೆ 'ತಿಥಿ'ಯಂಥ ಚಿತ್ರ ಅದಕ್ಕೆ ಎಷ್ಟು ಬಗ್ಗಿದೆ, ಎಷ್ಟು ಬಗ್ಗಿಲ್ಲ ಎಂದು ಬಿಡಿಸಿ ನೋಡಿದ ಮೇಲೆ ನಂಬಿ. ಮೂರನೆಯದು, ಕಥೆ ಕದಿಯುತ್ತಾರೆಂಬ ಭಯದಲ್ಲಿ ಯಾರಿಗೂ ತೋರಿಸದಿರುವುದು. ಬರಿಯ ಕಲ್ಪನೆಗೆ ಕೃತಿಸ್ವಾಮ್ಯ ಇಲ್ಲ, ಬರೆದ ರೂಪಕ್ಕೆ ಇದೆ. ಪೂರ್ಣ ಬರೆದು, ಮುಂಬಯಿಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ನಿನ ಸದಸ್ಯರಾಗಿ ಆನ್‌ಲೈನಿನಲ್ಲಿ ನೋಂದಾಯಿಸಿ, ಆಮೇಲೆ ಧೈರ್ಯವಾಗಿ ತೋರಿಸಿ. ತೋರಿಸದ ಚಿತ್ರಕಥೆ ತಿದ್ದಿಸಿಕೊಳ್ಳುವುದೇ ಇಲ್ಲ.

ಎಚ್ಚರಿಕೆಗಳು

ಆಡಿಷನ್ನಿಗೆ, 'ಸಹಾಯಕ ನಿರ್ದೇಶಕ'ನ ಹುದ್ದೆಗೆ ಮುಂಗಡ ಹಣ ಕೇಳುವವರಿಂದ ದೂರವಿರಿ. ಕೆಲಸ ಕೊಡುವವರು ಕೆಲಸಗಾರನಿಂದ ದುಡ್ಡು ಪಡೆಯುವ ಪದ್ಧತಿ ಚಿತ್ರರಂಗದಲ್ಲೂ ಇಲ್ಲ. ಖಾಸಗಿ ಕೋರ್ಸಿಗೆ ಸೇರುವ ಮೊದಲು ಹಿಂದಿನ ವಿದ್ಯಾರ್ಥಿಗಳು ಬರೆದು ಮುಗಿಸಿದ ಕಿರುಚಿತ್ರಗಳನ್ನು ತೋರಿಸಿ ಎಂದು ಕೇಳಿ; ಸೆಲೆಬ್ರಿಟಿಗಳ ಜೊತೆಗಿನ ಫೋಟೊ ಅದಕ್ಕೆ ಉತ್ತರವಲ್ಲ. ಚಿತ್ರೀಕರಣದ ವಿಷಯದಲ್ಲಿ, ದೇವಸ್ಥಾನದ ಒಳಗೆ ಮತ್ತು ರೈಲು ನಿಲ್ದಾಣದಲ್ಲಿ ಅನುಮತಿ ಇಲ್ಲದೆ ಕ್ಯಾಮೆರಾ ತೆಗೆಯಬೇಡಿ. ಕಪಿಲೆಯ ಸ್ನಾನಘಟ್ಟದಲ್ಲಾಗಲಿ ತಿರುಮಕೂಡಲಿನ ಸಂಗಮದಲ್ಲಾಗಲಿ ನಟರನ್ನು ನೀರಿಗಿಳಿಸಬೇಡಿ. ಅಣೆಕಟ್ಟೆಯಿಂದ ಬಿಟ್ಟ ನೀರು ಹೇಳಿ ಬರುವುದಿಲ್ಲ.

ಯಾವ ಸಂಸ್ಥೆ, ಯಾವ ಕಾಗದ

ಬರವಣಿಗೆಯೇ ಗುರಿಯಾದವರಿಗೆ ಪುಣೆಯಲ್ಲಿ ಚಿತ್ರಕಥೆಗೇ ಮೀಸಲಾದ ಪ್ರತ್ಯೇಕ ಕೋರ್ಸೂ ಇದೆ. ನಿರ್ದೇಶನವೂ ಬೇಕೆನ್ನುವವರಿಗೆ ಮೂರು ವರ್ಷದ್ದು. ಒಂದೊಂದು ವಿಭಾಗದಲ್ಲಿ ಸೀಟು ಹತ್ತು-ಹನ್ನೆರಡರ ಆಸುಪಾಸು, ದೇಶದಾದ್ಯಂತದ ಸ್ಪರ್ಧೆ. ಬರಹ ಪರೀಕ್ಷೆ ದಾಟಿದರೆ ಸಂದರ್ಶನ. ಅಲ್ಲಿ ನೀವು ನೋಡಿದ ಚಿತ್ರಗಳ ಜೊತೆಗೆ ನೀವು ಬಂದ ಜಾಗದ ಬಗ್ಗೆಯೂ ಮಾತು ಬರುತ್ತದೆ. ಮೂರು ವರ್ಷದ ನೋಟ್‌ಪುಸ್ತಕಗಳು ಕೆಲಸಕ್ಕೆ ಬರುವುದು ಆಗ. ಕ್ಯಾಮೆರಾ ಅಥವಾ ಶಬ್ದದ ಕಡೆ ಒಲವಿದ್ದು ಬೇಗ ಕೆಲಸ ಹಿಡಿಯಬೇಕಾದವರಿಗೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ ಇದೆ. ಅಲ್ಲಿನ ಡಿಪ್ಲೊಮಾಗೆ ಎಸ್ಸೆಸ್ಸೆಲ್ಸಿ ಸಾಕು, ಪದವಿ ಬೇಕಿಲ್ಲ. ಗುರುದತ್ತರ ಚಿತ್ರಗಳಿಗೆ ಬೆಳಕು ಕೊಟ್ಟ ಮೈಸೂರಿನ ವಿ.ಕೆ. ಮೂರ್ತಿ ಇದೇ ಪರಂಪರೆಯ ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಓದಿದವರು. ಆದರೆ ಅಲ್ಲಿ ಸೇರಿ ಚಿತ್ರಕಥೆಗಾರರಾಗುತ್ತೇವೆಂದು ಎಣಿಸಬೇಡಿ, ಆ ಕೋರ್ಸುಗಳ ಗುರಿ ಬೇರೆ.

ಪುಣೆ ಮತ್ತು ಕೋಲ್ಕತ್ತದ ಸಂಸ್ಥೆಗಳು ಕೇಂದ್ರ ಸರ್ಕಾರದವು, ಮೀಸಲಾತಿ ಕೇಂದ್ರದ ನಿಯಮದಂತೆ. ಇಲ್ಲಿ ನಮ್ಮ ಕಡೆಯ ಅಭ್ಯರ್ಥಿಗಳು ಎಡವುವ ಜಾಗವಿದೆ. ಹಿಂದುಳಿದ ವರ್ಗದವರ 2ಎ, 3ಎ, 3ಬಿ ಪ್ರಮಾಣಪತ್ರ ರಾಜ್ಯದ ಬಳಕೆಗೆ. ಕೇಂದ್ರದ ಸಂಸ್ಥೆಗೆ ಕೇಂದ್ರದ ನಮೂನೆಯ, ಕೆನೆಪದರಕ್ಕೆ ಸೇರಿಲ್ಲವೆಂದು ಸೂಚಿಸುವ ಒಬಿಸಿ ಪ್ರಮಾಣಪತ್ರವೇ ಬೇಕು. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದೆಯೇ ಎಂದೂ ನೋಡಿಕೊಳ್ಳಬೇಕು. ಅಧಿಸೂಚನೆ ಬಂದ ಮೇಲೆ ಓಡಾಡಿದರೆ ಕೊನೆಯ ದಿನ ದಾಟಿಹೋಗಬಹುದು. ಅಂತಿಮ ವರ್ಷದ ಮೊದಲ ಸೆಮಿಸ್ಟರಿನಲ್ಲೇ ನಾಡಕಚೇರಿಗೆ ಅರ್ಜಿ ಕೊಟ್ಟು, ಯಾವ ಆರ್ಥಿಕ ವರ್ಷಕ್ಕೆ ಆ ಪತ್ರ ನಡೆಯುತ್ತದೆ ಎಂದು ಕೇಳಿಕೊಂಡು, ಅಂಕಪಟ್ಟಿಗಳ ಜೊತೆ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ.